ಅಕ್ವೇರಿಯಂ ‘ನೂರು ಲೀಟರ್ ಸೆಟ್’ ಕೊಳ್ಳುವ ಮುನ್ನ ದಯವಿಟ್ಟು ಇದನ್ನು ಓದಿ

ಕಾಸರಗೋಡು, ಕುಂಬಳೆ, ಮಂಜೇಶ್ವರದಂತಹ ಕರಾವಳಿಯ ಊರುಗಳಲ್ಲಿ ಮನೆಯ ಮೀನುತೊಟ್ಟಿಗೆ ಹೀಟರ್ ಬೇಕೇ ಬೇಕು ಎಂದು ಯಾವ ಅಂಗಡಿಯವರು ಹೇಳಿದರೂ ನಂಬಬೇಡಿ. ನಾನು ನಂಬಿದೆ. ನಮ್ಮ ಮನೆಯ ಆರು ಏಂಜಲ್ ಮೀನುಗಳು ಒಂದೇ ರಾತ್ರಿಯಲ್ಲಿ ಬೆಂದು ಸತ್ತವು. ಬೆಂದು ಎಂಬ ಮಾತನ್ನು ನಾನು ಯೋಚಿಸಿಯೇ ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ, ಮಗಳು ವರ್ಷದಿಂದ ಕೇಳುತ್ತಿದ್ದಳೆಂದು, ಕಾಸರಗೋಡು ಪೇಟೆಯ ಒಂದು ಅಂಗಡಿಗೆ ಹೋದೆವು. ತೊಟ್ಟಿ, ಮುಚ್ಚಳ, ದೀಪ, ಫಿಲ್ಟರ್, ಹೀಟರ್, ಬಣ್ಣದ ಕಲ್ಲು, ಎರಡು ಬಾಟಲಿ ಔಷಧ, ಎಂಟು ಮರಿ ಏಂಜಲ್ ಮೀನುಗಳು, ಎಲ್ಲ ಸೇರಿ 7,850 ರೂಪಾಯಿಗೆ ‘ನೂರು ಲೀಟರ್ ಸೆಟ್’ ಎಂದರು. ಯಾವ ನೀರು ಬಳಸುತ್ತೀರಿ ಎಂದು ಅವರೇ ಕೇಳಿದರು. ಮುರಕಲ್ಲಿನ ಬಾವಿಯ ನೀರು ಎಂದೆ. ಹಾಗೆ ಹೇಳಿದ ಮೇಲೂ ಕ್ಲೋರಿನ್ ತೆಗೆಯುವ ಬಾಟಲಿಯನ್ನು ಚೀಲಕ್ಕೆ ಹಾಕಿದರು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳನ್ನು ಬಿಟ್ಟರೆ ಬಾವಿಯ ನೀರಿನಲ್ಲಿ ಕ್ಲೋರಿನ್ ಎಲ್ಲಿಂದ ಬರಬೇಕು? ಅಲ್ಲಿಯೇ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ.

ಇಂದು ಸಂಜೆಯೇ ಮೀನು ಬಿಡಬಹುದು, ಏನೂ ಆಗುವುದಿಲ್ಲ ಎಂದರು. ಮೊದಲ ವಾರದಲ್ಲಿಯೇ ಎರಡು ಸತ್ತವು. ಹೊಸ ತೊಟ್ಟಿಯಲ್ಲಿ ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಸೇರುತ್ತದೆ. ಅದನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನು ಸಾಕುವವರಿಗೆಲ್ಲ ಇದು ಗೊತ್ತಿರುವ ಸಂಗತಿ. ಇಷ್ಟು ಕಾಲದಿಂದ ಮೀನು ಮಾರುತ್ತಿರುವವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಆ ಎರಡು ಮೀನುಗಳಿಗಾಗಿ ನಾನು ಅವರನ್ನು ದೂರಲಿಲ್ಲ, ನಮ್ಮದೇ ತಪ್ಪೆಂದು ತಿಳಿದು ಸುಮ್ಮನಿದ್ದೆ.

ಇನ್ನು ಹೀಟರಿನ ವಿಷಯ. ಚಳಿ ಬರುತ್ತಿದೆ, ಇದಿಲ್ಲದಿದ್ದರೆ ಏಂಜಲ್ ಉಳಿಯುವುದಿಲ್ಲ ಎಂದು 300 ವಾಟಿನದನ್ನು ಕೊಟ್ಟರು, ಅದಕ್ಕೇ 1,250 ರೂಪಾಯಿ. ತಾವೇ ತಾಪಮಾನದ ತಿರುಪನ್ನು 26 ಡಿಗ್ರಿಗೆ ತಿರುಗಿಸಿ, ‘ಸರಿ ಮಾಡಿ ಕೊಟ್ಟಿದ್ದೇನೆ, ನೀವು ಮುಟ್ಟುವುದೇ ಬೇಡ’ ಎಂದರು. ನಾವು ಮುಟ್ಟಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಐದೂವರೆಗೆ ಎದ್ದು ಚಾವಡಿಗೆ ಬಂದಾಗ ತೊಟ್ಟಿಯ ಮುಚ್ಚಳದ ಒಳಗೆಲ್ಲ ಹಬೆ ಕಟ್ಟಿ ಹನಿಗಳು ಇಳಿಯುತ್ತಿದ್ದವು. ಗಾಜಿಗೆ ಅಂಗೈ ಇಟ್ಟೆ. ಮೀಯುವ ನೀರಿನಷ್ಟು ಬೆಚ್ಚಗಿತ್ತು. ಗಾಜಿಗೆ ಅಂಟಿಸಿದ್ದ ತಾಪಮಾನದ ಪಟ್ಟಿಯಲ್ಲಿ ಕೊನೆಯ ಅಂಕಿ 34. ಅದನ್ನೂ ದಾಟಿದ್ದರಿಂದ ಪಟ್ಟಿ ಪೂರ್ತಿ ಕಪ್ಪಾಗಿತ್ತು. ಪ್ಲಗ್ ಕಿತ್ತು, ಜ್ವರ ನೋಡುವ ಥರ್ಮಾಮೀಟರಿನ ತುದಿಯನ್ನು ಅದ್ದಿದೆ. 39.6 ಎಂದು ತೋರಿಸಿತು. ಆರೂ ಮೀನುಗಳು ಮೇಲೆ ತೇಲುತ್ತಿದ್ದವು, ಕಣ್ಣುಗಳು ಬೆಳ್ಳಗಾಗಿದ್ದವು. ತಿರುಪು ಆಗಲೂ 26ರಲ್ಲಿಯೇ ಇತ್ತು. ಪ್ಲಗ್ ಕೀಳುವ ಆ ಕ್ಷಣದವರೆಗೂ ಹೀಟರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಮಗಳು ಏಳುವ ಮೊದಲು ಮೀನುಗಳನ್ನು ತೆಗೆದು ತೆಂಗಿನ ಬುಡದಲ್ಲಿ ಹೂತೆ. ಅವಳಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ.

ಫ್ರಿಜ್ ದುರಸ್ತಿ ಮಾಡುವ ಗೆಳೆಯರೊಬ್ಬರು ಆ ಹೀಟರನ್ನು ನೋಡಿ, ಒಳಗಿನ ಥರ್ಮೋಸ್ಟಾಟಿನ ಸಂಪರ್ಕ ಬಿಂದುಗಳು ಒಂದಕ್ಕೊಂದು ಅಂಟಿಕೊಂಡಿವೆ, ಹೀಗಾದರೆ ಅದು ತಾನಾಗಿ ಆರುವುದಿಲ್ಲ ಎಂದರು. ಯಂತ್ರ ಕೆಡಬಹುದು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ತೊಟ್ಟಿಯನ್ನು ತೊಳೆದು ಮತ್ತೆ ನೀರು ತುಂಬುವಾಗ ಹತ್ತು ಲೀಟರಿನ ಕೊಡಪಾನದಲ್ಲಿ ಎಣಿಸಿ ಸುರಿದೆ. ಐದೂವರೆ ಕೊಡಪಾನಕ್ಕೆ ನೀರು ಅಂಚಿಗೆ ಬಂತು. ಐದೂವರೆ! ನಂಬಿಕೆಯಾಗದೆ ಟೇಪು ಹಿಡಿದು ಅಳೆದೆ: 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಗುಣಿಸಿ ಸಾವಿರದಿಂದ ಭಾಗಿಸಿದರೆ 54 ಲೀಟರ್. ಅಂಗಡಿಯಲ್ಲಿ ನಿಂತು ಒಂದು ನಿಮಿಷದಲ್ಲಿ ಮಾಡಬಹುದಾಗಿದ್ದ ಲೆಕ್ಕ. ಮೋಸ ಹೋದೆನೆಂದು ಮನಸ್ಸಿಗೆ ನಾಟಿದ್ದು ಮೀನು ಸತ್ತಾಗ ಅಲ್ಲ, ಆ ಟೇಪು ಹಿಡಿದು ನಿಂತಾಗ. ಮಕ್ಕಳಿಗೆ ಗಣಿತ ಕಲಿಸುವವನು ನಾನು, ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಹೀಟರಿಗೆ ಸಾಮಾನ್ಯ ಲೆಕ್ಕ ಲೀಟರಿಗೆ ಒಂದು ವಾಟ್. ನಿಜವಾಗಿ ನೂರು ಲೀಟರ್ ಇದ್ದಿದ್ದರೂ 100 ವಾಟ್ ಸಾಕಿತ್ತು. 54 ಲೀಟರಿಗೆ 50 ವಾಟಿನದನ್ನು ಕೊಟ್ಟಿದ್ದರೆ ಅದು ಕೆಟ್ಟು ರಾತ್ರಿಯಿಡೀ ಉರಿದರೂ ನೀರು ಇಷ್ಟು ಕಾಯುತ್ತಿರಲಿಲ್ಲ, ಮೀನುಗಳು ಬಹುಶಃ ಉಳಿಯುತ್ತಿದ್ದವು. ಅನಂತರ ಒಂದು ವಾರ ಹೀಟರ್ ಇಲ್ಲದೆಯೇ ನೀರನ್ನು ಬೆಳಿಗ್ಗೆ ಸಂಜೆ ನೋಡಿ ಬರೆದಿಟ್ಟೆ. ಡಿಸೆಂಬರಿನಲ್ಲಿಯೂ ಅದು 25ಕ್ಕಿಂತ ಕೆಳಗೆ ಇಳಿಯಲಿಲ್ಲ. ಏಂಜಲ್ ಮೀನಿಗೆ ಅದು ಧಾರಾಳ ಸಾಕು. ಅಂದರೆ ಆ ಹೀಟರಿನ ಅಗತ್ಯವೇ ಇರಲಿಲ್ಲ.

ಅಂಗಡಿಗೆ ಹೋದೆ. ಕೊಳ್ಳುವ ದಿನ ಅವರು ನನ್ನೊಡನೆ ಚೆನ್ನಾಗಿ ಕನ್ನಡದಲ್ಲಿ ಮಾತನಾಡಿದ್ದರು. ಈ ಬಾರಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿಯೇ ಉತ್ತರ. ಭಾಷೆ ನನಗೆ ತೊಡಕಲ್ಲ, ನಮಗೆಲ್ಲ ಎರಡೂ ಬರುತ್ತವೆ. ಆದರೆ ಸರಕು ಮಾರುವಾಗ ಇದ್ದ ಭಾಷೆ ಸರಕು ಕೆಟ್ಟಾಗ ಇಲ್ಲವೆಂದರೆ ಅದು ನೋಯುತ್ತದೆ. ಮೊದಲು ‘ನಿಮ್ಮ ಬಾವಿಯ ನೀರು ಸರಿಯಿಲ್ಲ’ ಎಂದರು. ನೀರು 39.6 ಆದದ್ದು ಬಾವಿಯಿಂದಲೇನು ಎಂದು ಕೇಳಿದೆ. ‘ಮನೆಯ ಮಕ್ಕಳು ತಿರುಪು ತಿರುಗಿಸಿರಬೇಕು’ ಎಂದರು. ತಿರುಪು 26ರಲ್ಲಿಯೇ ಇರುವ ಫೋಟೊ ತೋರಿಸಿದೆ. ‘ನಿಮ್ಮ ಕಡೆ ವೋಲ್ಟೇಜ್ ಏರಿಳಿತ ಜಾಸ್ತಿ’ ಎಂದರು. 54 ಲೀಟರಿನ ಲೆಕ್ಕವನ್ನು ಮುಂದಿಟ್ಟಾಗ ಅವರು ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ: ‘ನೂರು ಲೀಟರ್ ಎನ್ನುವುದು ಮಾಡೆಲಿನ ಹೆಸರು, ಅಳತೆಯಲ್ಲ.’ ಮಾಡೆಲಿನ ಹೆಸರಂತೆ! ಕೊನೆಗೆ ಬಿಲ್ಲು ಎಲ್ಲಿ ಎಂದು ಕೇಳಿದರು.

ನನ್ನಲ್ಲಿ ಬಿಲ್ಲು ಇರಲಿಲ್ಲ. ಬಿಲ್ಲು ಬೇಡವೆಂದರೆ 400 ರೂಪಾಯಿ ಕಡಿಮೆ ಮಾಡುತ್ತೇನೆ ಎಂದು ಅವರೇ ಹೇಳಿದ್ದರು, ನಾನು ಒಪ್ಪಿದ್ದೆ. ಕೈಬರಹದ ಒಂದು ಚೀಟಿ ಮಾತ್ರ ಇತ್ತು, ಅದರ ಮೇಲೆ ‘ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಮುದ್ರೆ. ಹೀಟರಿನ ಪೆಟ್ಟಿಗೆಯಲ್ಲಿ ತಯಾರಕರ ಹೆಸರಾಗಲಿ, ಆಮದು ಮಾಡಿದವರ ವಿಳಾಸವಾಗಲಿ, ಗರಿಷ್ಠ ಮಾರಾಟ ಬೆಲೆಯಾಗಲಿ ಇಲ್ಲ. ಇವೆಲ್ಲ ಪೊಟ್ಟಣದ ಮೇಲೆ ಇರಲೇಬೇಕೆಂಬುದು ನಿಯಮ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ, ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ನಮ್ಮಲ್ಲಿ ಹಲವರು ಇಂತಹ ವಸ್ತುಗಳನ್ನು ಮಂಗಳೂರಿನಿಂದ ತರುವುದರಿಂದ ಇದನ್ನೂ ಹೇಳುತ್ತೇನೆ: ಅಂಗಡಿ ಗಡಿಯಾಚೆ ಇದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ಟೇಪು ಹಿಡಿದೇ ಅಂಗಡಿಗೆ ಹೋಗಿ. ಬಿಲ್ಲು ಇಲ್ಲದೆ ಹೊರಗೆ ಬರಬೇಡಿ. ಹೀಟರ್ ಬಳಸುವ ಮನೆಯವರು ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ, ಮಕ್ಕಳಿಗೂ ಹೇಳಿಕೊಡಿ. ನನ್ನ ಮಗಳು ಎಷ್ಟೋ ಸಲ ಹಾಗೆಯೇ ಕೈ ಹಾಕಿದ್ದಳೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ತೊಟ್ಟಿ ಈಗ ಒಂದು ಸ್ಪಂಜ್ ಫಿಲ್ಟರ್ ಮಾತ್ರ ಇಟ್ಟುಕೊಂಡು ಮೀನಿಲ್ಲದೆ ನಡೆಯುತ್ತಿದೆ, ಮೂರನೆಯ ವಾರ. ಹೀಟರನ್ನು ಎಸೆದಿಲ್ಲ. ಆ ಚೀಟಿ, ಪೆಟ್ಟಿಗೆ ಮತ್ತು ಫೋಟೊಗಳೊಂದಿಗೆ ಕಪಾಟಿನಲ್ಲಿ ಇಟ್ಟಿದ್ದೇನೆ, ಆಯೋಗದ ಮುಂದೆ ಇಡಲು ಬೇಕಾಗುತ್ತದೆ.