ಲೇತಿಗೆ ಲಿಂಕ್ ಬೆಲ್ಟ್ ಹಾಕಿ ಮೂರು ವರ್ಷ ದಾಟ್ತು, ಹೆಂಗೈತಿ ಅಂತ ಈಗ ಹೇಳ್ತೀನಿ

ಲೇತ್ ಅಂದ್ರ ಕಬ್ಬಿಣದ ರಾಡು ತಿರುಗಿಸಿ ಕಡಿಯೋ ಮಷಿನ್ನು, ಲಿಂಕ್ ಬೆಲ್ಟ್ ಅಂದ್ರ ಸಣ್ಣ ಕೊಂಡಿ ಸೇರಿಸಿ ಮಾಡಿದ, ಬಿಚ್ಚಿ ಕೂಡಿಸಾಕ ಬರೋ ಬೆಲ್ಟು. 2022ರ ಮೇ ತಿಂಗಳದಾಗ ಹಾಕಿದ ಬೆಲ್ಟ್ ಇದು, ಇನ್ನೂ ಅದ ಓಡಾಕತ್ತೈತಿ. ಹಾಕಿದ ವಾರದಾಗ ಬರದಿದ್ರ ಬರೇ ಹೊಗಳಿಕೆ ಬರೀತಿದ್ದೆ, ತಿಂಗಳ ಬಿಟ್ಟು ಬರದಿದ್ರ ಬೈತಿದ್ದೆ, ಅದಕ್ಕ ಇಷ್ಟು ದಿನ ಸುಮ್ನಿದ್ದೆ. ನಂದು ಗಂಗಾವತಿ, ಮನಿ ಹಿಂದ ತಗಡಿನ ಶೆಡ್ಡು, ಅದರಾಗ ನಾಲ್ಕೂವರೆ ಫೂಟಿನ ಹಳೇ ಬಟಾಲಾ (ಪಂಜಾಬಿನ ಊರು) ಲೇತು, ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟ್ರು. ಸ್ಪ್ರೇಯರ್ ಪಂಪಿನ ಶಾಫ್ಟು, ಟ್ರಾಲಿ ಬುಷ್, ಸಣ್ಣ ರೋಲರ್ ಇಂಥವು ಸಂಜಿಮುಂದ ಮಾಡ್ಕೋತ ಕುಂದರ್ತೀನಿ. ಹೊಟ್ಟಿಪಾಡು ಬ್ಯಾರೆ ಐತಿ, ಇದು ಪ್ರೀತಿಗೆ.

ಮೊದ್ಲ ನನ್ನ ಲೇತಿನ ಡ್ರೈವ್ ಹೆಂಗೈತಿ ಹೇಳ್ತೀನಿ, ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ. ಮೋಟ್ರು 1440 ಆರ್‌ಪಿಎಂ, ಅದರ ಪುಲ್ಲಿ 3 ಇಂಚು, ಅಲ್ಲಿಂದ ಎ ಸೆಕ್ಷನ್ (ವಿ ಬೆಲ್ಟಿನ ಒಂದು ಸೈಜು) ಬೆಲ್ಟ್ ಒಂದು ಹಿಂದಿನ ಕೌಂಟರ್ ಶಾಫ್ಟಿನ (ಮೋಟ್ರಿಗೂ ಲೇತಿಗೂ ನಡುವಿನ ಶಾಫ್ಟು) 9 ಇಂಚಿನ ಪುಲ್ಲಿಗೆ ಹೋಗ್ತೈತಿ, ಅಂದ್ರ ಕೌಂಟರ್ ನಿಮಿಷಕ್ಕ 480 ಸುತ್ತು ತಿರುಗ್ತೈತಿ. ಕೌಂಟರಿನಿಂದ ಎರಡನೇ ಬೆಲ್ಟು ಹೆಡ್‌ಸ್ಟಾಕಿನ (ಲೇತಿನ ತಲಿ ಭಾಗ) ಮೂರು ಮೆಟ್ಲಿನ ಕೋನ್ ಪುಲ್ಲಿಗೆ. ಈ ಎರಡನೇದೇ ದೊಡ್ಡ ತ್ರಾಸು, ಯಾಕಂದ್ರ ಕೋನ್ ಪುಲ್ಲಿ ಸ್ಪಿಂಡಲ್ಲಿನ (ಚಕ್ ತಿರುಗಿಸೋ ಮುಖ್ಯ ಶಾಫ್ಟು) ಎರಡು ಗನ್‌ಮೆಟಲ್ ಬುಷ್ (ಶಾಫ್ಟ್ ಒಳಗ ತಿರುಗೋ ಬಳಿ) ನಡುವ ಕುಂತೈತಿ. ಸಾದಾ ವಿ ಬೆಲ್ಟ್ ಬಳಿ ಇದ್ದಂಗ, ಜೋಡ ಇರಂಗಿಲ್ಲ, ಅದನ್ನ ಒಳಗ ತೂರಿಸ್ಬೇಕಂದ್ರ ಸ್ಪಿಂಡಲ್ಲೇ ಹೊರಗ ಎಳೀಬೇಕು. ಚಕ್ (ರಾಡು ಹಿಡಿಯೋ ಭಾಗ) ಬಿಚ್ಚು, ಹಿಂದಿನ ಗೇರ್ ಬಿಚ್ಚು, ನಟ್ ಬಿಚ್ಚು, ಕಟಿಗಿ ತುಂಡು ಕೊಟ್ಟು ಮೆಲ್ಲಕ ಬಡಿ, ಆಮ್ಯಾಲ ಮತ್ತ ಕೂಡಿಸಿ ಬುಷ್ ಕ್ಲಿಯರೆನ್ಸ್ ಹೊಂದಿಸ್ಕೋ. ಒಂದು ಭಾನುವಾರ ಪೂರಾ ಹೋಗ್ತಿತ್ತು, ಕ್ಲಿಯರೆನ್ಸ್ ಸರಿ ಕುಂದರದಿದ್ರ ಸೋಮವಾರ ಸಂಜಿನೂ ಹೋಗ್ತಿತ್ತು.

ನನ್ನ ಲೇತಿಗೆ ಎರಡು ರೋಗ ಇದ್ವು, ನಾನು ಎರಡೂ ಒಂದ ಅಂತ ತಿಳ್ಕೊಂಡಿದ್ದೆ. ಒಂದು, ಎಂಎಸ್ (ಮೈಲ್ಡ್ ಸ್ಟೀಲ್) ರಾಡಿಗೆ ಸ್ವಲ್ಪ ಜಾಸ್ತಿ ಕಟ್ ಕೊಟ್ರ ಸಾಕು ಕಿಂಯ್ ಅಂತ ಚೀರಿ ಚಕ್ ನಿಂತುಬಿಡೋದು, ಮೋಟ್ರು ಮಾತ್ರ ತಿರುಗ್ತಾನ ಇರೋದು, ಸುಟ್ಟ ರಬ್ಬರ್ ವಾಸನಿ. ಇನ್ನೊಂದು, ಫಿನಿಶ್ ಕಟ್‌ನಾಗ (ಕಡೀ ನುಣುಪಿನ ಕಟ್) ಜಾಬ್ (ಕಡಿಯಾಕ ಹಿಡಿದ ತುಂಡು) ಮ್ಯಾಲ ಸಮಾ ಅಂತರದಾಗ ಪಟ್ಟಿ ಪಟ್ಟಿ ಬೀಳೋವು, ಬೆರಳು ಆಡಿಸಿದ್ರ ಗೊತ್ತಾಗ್ತಿತ್ತು. ಇದಕ್ಕ ಮೊದ್ಲ ಬೆಲ್ಟ್ ಬಿಗಿ ಮಾಡಿದೆ, ಬುಷ್ ಕಾಯಾಕ ಹತ್ತಿತು. ಆಮ್ಯಾಲ ರಾಳದ ಪುಡಿ ಹಾಕ್ದೆ, ಎರಡು ದಿನ ಚಲೋ ಹಿಡೀತು. ಆದ್ರ ನಮ್ಮೂರಾಗ ರೈಸ್ ಮಿಲ್ಲು ಎಷ್ಟಾವ ಗೊತ್ತಲ್ರಿ, ಬಾಯ್ಲರಿಗೆ ಹೊಟ್ಟು ಸುಟ್ಟ ಕರಿ ಬೂದಿ ಶೆಡ್ಡಿನಾಗೂ ಬಂದು ಕುಂದರ್ತೈತಿ, ರಾಳ ಬೂದಿ ಎರಡೂ ಕೂಡಿ ಪುಲ್ಲಿ ಗಾಡಿಯೊಳಗ (ಬೆಲ್ಟ್ ಕುಂದರೋ ಸಂದು) ಡಾಂಬರಿನಂಗ ಗಟ್ಟಿ ಆತು. ರಾಳ ಹಾಕ್ಬ್ಯಾಡ್ರಿ, ಸೀಮಿಎಣ್ಣಿ ಬಟ್ಟಿಲೆ ವರಸೀನಿ ಅಂದ್ರೂ ಲಗೂ ಬಿಡಂಗಿಲ್ಲ. ಆ ವರ್ಷದಾಗ ಎರಡು ಸಲ ಸ್ಪಿಂಡಲ್ ಎಳದು ಹೊಸ ಬೆಲ್ಟ್ ಹಾಕ್ದೆ, ಚೀರೋದು ಮಾತ್ರ ನಿಲ್ಲಲಿಲ್ಲ.

ಕಡೀಕ ನಮ್ಮ ಟರ್ನರ್ ಚಾಚಾ ಹತ್ರ ಹೋಗಿ ಅತ್ತೆ. ಅವರು ನಕ್ಕು, “ಬೆಲ್ಟಿಗ್ಯಾಕ ಬೈತಿಯಪಾ, ಅದೇನ್ ಮಾಡೀತು ಪಾಪ. ಚಕ್ ನಿಂತಾಗ ಹಿಂದ ಕೌಂಟರ್ ತಿರುಗ್ತೈತೋ ನಿಲ್ತೈತೋ ನೋಡೀಯೇನು?” ಅಂದ್ರು. ನೋಡೇ ಇರ್ಲಿಲ್ಲ ನಾನು. ಬಂದು ಕೌಂಟರ್ ಪುಲ್ಲಿಗೆ ಚಾಕ್‌ಪೀಸಿಲೆ ಗೀಟು ಹಾಕಿ, ಗಾರ್ಡ್ ಇದ್ದಂಗ ದೂರ ನಿಂತು, ಕಟ್ ಕೊಟ್ಟು ನೋಡಿದ್ರ ಚಕ್ ಜೋಡಿ ಕೌಂಟರೂ ನಿಂತೈತಿ. ಅಂದ್ರ ಜಾರೋದು ಮೋಟ್ರ್ ಕಡೀ ಬೆಲ್ಟು, ನಾನು ಎರಡು ಸಲ ಸ್ಪಿಂಡಲ್ ಬಿಚ್ಚಿ ಬದಲಿಸಿದ್ದು ಇನ್ನೊಂದು! ಕೌಂಟರ್ ತಿರುಗ್ತಿದ್ದು ಚಕ್ ಒಂದ ನಿಂತಿದ್ರ ಮಾತ್ರ ಎರಡನೇ ಬೆಲ್ಟಿನ ತಪ್ಪು ಅಂತ ತಿಳೀಬೇಕು. ಐದು ನಿಮಿಷದ ಪರೀಕ್ಷಾ ಇದು. ಏನಾರ ತಗೋಳ್ಳೋಕಿಂತ ಮೊದ್ಲ ಇದನ್ನ ಮಾಡ್ರಿ ಅಂತ ಕೈ ಮುಗುದು ಕೇಳ್ತೀನಿ.

ಮೋಟ್ರ್ ಪುಲ್ಲಿ ಬಿಚ್ಚಿಕೊಂಡು ಹೋಗಿ ಕೊಟ್ಟೆ. ಚಾಚಾ ಬೆವೆಲ್ ಪ್ರೊಟ್ರ್ಯಾಕ್ಟರ್ ಇಟ್ಟು ನೋಡಿದ್ರ ಗಾಡಿ ಕೋನ 40 ಡಿಗ್ರಿ ಐತಿ. ಹಿಂದ ಯಾರೋ ಒಬ್ರ ಹತ್ರ ಸವೆದ ಪುಲ್ಲಿ ಮತ್ತ ಗಾಡಿ ಹೊಡಿಸಿದ್ದೆ, ವಿ ಬೆಲ್ಟ್ 40 ಡಿಗ್ರಿ ಇರ್ತೈತಿ ಅಂತ ಪುಲ್ಲಿಗೂ ಅದ ಹೊಡದು ಕೊಟ್ಟಿದ್ರು. ಕೇಳಾಕ ಸರಿ ಅನಸ್ತೈತಿ, ಆದ್ರ ತಪ್ಪು. ಬೆಲ್ಟ್ ಸಣ್ಣ ಪುಲ್ಲಿ ಮ್ಯಾಲ ಬಾಗಿದಾಗ ಮ್ಯಾಲಿನ ಮಗ್ಗಲ ಹಿಗ್ಗಿ ತೆಳ್ಳಗ ಆಗ್ತೈತಿ, ಕೆಳಗಿನ ಮಗ್ಗಲ ಅಮುಕಿ ಉಬ್ಬತೈತಿ, ಅದರಿಂದ ಬೆಲ್ಟಿನ ಕೋನ ಕಮ್ಮಿ ಆಗ್ತೈತಿ. ಅದಕ್ಕ ಎ ಸೆಕ್ಷನ್ನಿಗೆ ಸಣ್ಣ ಪುಲ್ಲಿ ಗಾಡಿ 34 ಡಿಗ್ರಿ ಇರ್ಬೇಕು, ದೊಡ್ಡ ಪುಲ್ಲಿಗೆ 38. ವಿ ಬೆಲ್ಟ್ ಎಳಿಯೋದು ಎರಡೂ ಪಕ್ಕದಿಂದ ಬೆಣಿ ಬಡದಂಗ ಸಿಕ್ಕೊಂಡು, ತಳದಿಂದಲ್ಲ. ಗಾಡಿ ತಳ ಕನ್ನಡಿ ಹಂಗ ಮಿಂಚಾಕತ್ತಿದ್ರ ಬೆಲ್ಟ್ ತಳಕ್ಕ ತಾಗೇತಿ ಅಂತ ಅರ್ಥ, ಎಷ್ಟು ಬಿಗಿ ಮಾಡಿದ್ರೂ ಜಾರೂದು ಬಿಡಂಗಿಲ್ಲ. ಬೆಲ್ಟಿನ ಬೆನ್ನು ಪುಲ್ಲಿ ಅಂಚಿಗೆ ಸಮಾ ಇರ್ಬೇಕು, ಒಳಗ ಇಳದಿದ್ರ ಗಾಡಿ ಸವದೈತಿ ಇಲ್ಲಾ ಬೆಲ್ಟ್ ಸವದೈತಿ. ಹಳೇ ಗಾಡಿ ಅಗಲ ಆಗಿಬಿಟ್ಟಿತ್ತು, ಅದಕ್ಕ ಹೊಸಾ ಬೀಡಿನ ಪುಲ್ಲಿ ತಗೊಂಡು ಚಾಚಾನೇ ಕಾಂಪೌಂಡ್ ಸ್ಲೈಡನ್ನ (ಟೂಲನ್ನ ಓರೆಯಾಗಿ ಓಡಿಸೋ ಭಾಗ) 17 ಡಿಗ್ರಿಗೆ ತಿರುಗಿಸಿ ಒಂದು ಪಕ್ಕ, ಆಮ್ಯಾಲ ಆಕಡಿ 17ಕ್ಕ ತಿರುಗಿಸಿ ಇನ್ನೊಂದು ಪಕ್ಕ ಹೊಡದು ಕೊಟ್ರು. ಹಾಕಿದ ದಿನಾನ ಚೀರೋದು ನಿಂತ್ಹೋತು. ಇದರಾಗ ಲಿಂಕ್ ಬೆಲ್ಟಿನ ಪುಣ್ಯ ಏನೂ ಇಲ್ಲ, ಇದನ್ನ ಖರೇ ಹೇಳ್ಬೇಕು.

ಇನ್ನ ಪಟ್ಟಿ ಬೀಳೋ ರೋಗ. ಲೇತ್ ನಾನು ದಿನಾ ಓಡಸಂಗಿಲ್ಲ, ಭತ್ತದ ಕಟಾವಿನ ಟೈಮಿನಾಗ ಹದಿನೈದು ದಿನ ಮುಟ್ಟಂಗೂ ಇಲ್ಲ. ಬಿಗಿ ಇದ್ದ ಬೆಲ್ಟ್ ಹಂಗ ನಿಂತು ನಿಂತು ಪುಲ್ಲಿ ಆಕಾರಕ್ಕ ಬಾಗಿ ಕುಂತುಬಿಡ್ತೈತಿ, ಚಾಲೂ ಮಾಡಿದ್ರ ಧಡ್ ಧಡ್ ಅಂತ ಒಂದ ಜಾಗಾದಾಗ ಬಡೀತೈತಿ, ಆ ಬಡತಾನ ಟೂಲ್ ಮೂಲಕ ಜಾಬ್ ಮ್ಯಾಲ ಅಚ್ಚಾಗ್ತಿತ್ತು. ಇಲ್ಲಿ ಲಿಂಕ್ ಬೆಲ್ಟ್ ಬಂತು ಕೆಲಸಕ್ಕ. ಪಾಲಿಯುರೆಥೇನ್ ಸಣ್ಣ ಸಣ್ಣ ಕೊಂಡಿ, ಒಂದರಾಗ ಒಂದು ಸಿಗಸಿ ಸರಪಳಿ ಹಂಗ ಮಾಡ್ತಾರ, ಮೀಟರ್ ಲೆಕ್ಕದಾಗ ಸಿಗ್ತೈತಿ. ಗಂಗಾವತಿ ದಾಗ ಮಿಲ್ಲಿಗೆ, ಕಟಾವು ಮಷಿನ್ನಿಗೆ ಬೇಕಾದ ಎಲ್ಲಾ ಸೈಜಿನ ರಬ್ಬರ್ ಬೆಲ್ಟ್ ನಿಂತ ಹೆಜ್ಜ್ಯಾಗ ಸಿಗ್ತಾವ, ಇದೊಂದು ಸಿಗಲಿಲ್ಲ, ಕೊರಿಯರಿನಾಗ ತರಿಸ್ದೆ. ರೇಟು ಸಾದಾ ಬೆಲ್ಟಿನ ನಾಲ್ಕೈದು ಪಟ್ಟು ಬಿತ್ತು, ಮನ್ಯಾಗ ಹೇಳಿದಾಗ ಮಕ ನೋಡಿದ್ರು. ಆದ್ರ ಒಂದು ಭಾನುವಾರ ಉಳೀತೈತಿ ಅಂದ್ರ ನನಗ ಅದು ದುಬಾರಿ ಅಲ್ಲ.

ಹಳೇ ಬೆಲ್ಟನ್ನ ಕತ್ತಿಲೆ ಕೊಯ್ದು ತಗದೆ, ಲಿಂಕ್ ಬೆಲ್ಟನ್ನ ಸ್ಪಿಂಡಲ್ ಕೆಳಗಿಂದ ತೂರಿಸಿ ಮ್ಯಾಲ ತಂದೆ. ಕೈಲೆ ಬಿಗಿ ಎಳದು ಎಷ್ಟು ಕೊಂಡಿ ಬರ್ತಾವ ಎಣಿಸಿ, ಪ್ರತಿ 24 ಕೊಂಡಿಗೆ ಒಂದರಂಗ ಕಮ್ಮಿ ಮಾಡಿ ಸೇರಿಸ್ಬೇಕು, ಅದ ಅದರ ಬಿಗಿತ. ಕೊಂಡಿ ಸೆಡವು ಇರ್ತಾವ, ಬೆರಳು ನೋಯ್ತಾವ, ಬಿಸಿ ನೀರಿನಾಗ ಸ್ವಲ್ಪ ಹೊತ್ತು ಬಿಟ್ಟು ಮೆತ್ತಗ ಮಾಡ್ಕೋಬೇಕಂತ, ನಾನು ಮೇ ತಿಂಗಳ ಬಿಸಿಲಿಗೆ ಶೆಡ್ಡಿನ ತಗಡಿನ ಮ್ಯಾಲ ಇಟ್ಟೆ, ಅಷ್ಟ ಸಾಕಾತು. ಕೊಂಡಿ ನಾಲಿಗಿ ಇರೋ ಮಗ್ಗಲ ಒಳಗ ಬರ್ಬೇಕು, ಬಾಣದ ಗುರುತು ಸ್ಪಿಂಡಲ್ ತಿರುಗೋ ದಿಕ್ಕಿಗೆ ಇರ್ಬೇಕು. ಸೇರಿಸಿದ ಮ್ಯಾಲ ಕೈಲೆ ಪೂರಾ ಒಂದು ಸುತ್ತು ತಿರುಗಿಸಿ ಎಲ್ಲಾ ನಾಲಿಗಿ ಸರಿಯಾಗಿ ಅಡ್ಡ ಕುಂತಾವೋ ನೋಡ್ರಿ, ಒಂದು ನನ್ನದು ಅರ್ಧ ಕುಂತಿತ್ತು, ಟಿಕ್ ಟಿಕ್ ಸದ್ದಿನಿಂದ ಗೊತ್ತಾತು. ಈ ಕೆಲಸ ಮಾಡೂಮುಂದ ಸ್ವಿಚ್ ಆಫ್ ಅಷ್ಟ ಅಲ್ಲ, ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಜಾಗಾದಾಗ ಇಡ್ರಿ. ಹೆಗಲ ಮ್ಯಾಲಿನ ಟವೆಲ್ಲು ಮನ್ಯಾಗ ಬಿಟ್ಟು ಬರ್ರಿ. ಬೆಲ್ಟಿನಾಗ ಬೆರಳು ಕಳ್ಕೊಂಡೋರನ್ನ ನಾನು ನೋಡೀನಿ.

ಪುಲ್ಲಿ ನೇರಾನೂ ಆವಾಗ ನೋಡ್ಕೊಂಡೆ, ಎರಡು ಪುಲ್ಲಿ ಮಕಕ್ಕ ಗಟ್ಟಿ ದಾರ ಎಳದು ಹಿಡದ್ರ ನಾಲ್ಕೂ ಕಡೆ ತಾಗ್ಬೇಕು, ನಂದು ಕೌಂಟರ್ ಕಡೀ ಬೆಳ್ಳಿ ಕಾಲುಂಗರದಷ್ಟು ಸಂದು ಬಿಟ್ಟಿತ್ತು, ಬ್ರಾಕೆಟ್ ಕೆಳಗ ತಗಡಿನ ಶಿಮ್ ಕೊಟ್ಟೆ.

ಫಲ ಏನಪಾ ಅಂದ್ರ ಪಟ್ಟಿ ಬೀಳೋದು ಹೋತು. ಪೂರಾ ಹೋತು ಅನ್ನಂಗಿಲ್ಲ, ಉದ್ದ ತೆಳ್ಳನೆ ಶಾಫ್ಟಿಗೆ ಇನ್ನೂ ಸ್ವಲ್ಪ ನಡುಕ ಐತಿ, ಅದು ಬೆಲ್ಟಿಂದಲ್ಲ ಬುಷಿಂದು. ಆದ್ರ ಹದಿನೈದು ದಿನ ನಿಂತ ಲೇತ್ ಚಾಲೂ ಮಾಡಿದ್ರೂ ಮೊದಲ್ನೇ ಸುತ್ತಿನಿಂದಾನ ಒಂದ ಸಮನ ತಿರುಗ್ತೈತಿ. ಬ್ಯಾಸಗಿಗೆ ಶೆಡ್ಡಿನಾಗ ನಿಲ್ಲಾಕ ಆಗಂಗಿಲ್ಲ ಅಷ್ಟು ಕಾಯ್ತೈತಿ, ಮೂರು ಬ್ಯಾಸಗಿ ಕಳದ್ರೂ ಬೆಲ್ಟು ಬಿರುಕು ಬಿಟ್ಟಿಲ್ಲ, ರಬ್ಬರಿನ ಕರಿ ಪುಡಿ ಉದುರೋದಂತೂ ಇಲ್ಲವೇ ಇಲ್ಲ.

ಬ್ಯಾಸರಾಗಿದ್ದೂ ಹೇಳ್ತೀನಿ. ಹೊಸದ್ರಾಗ ಹಿಗ್ಗತೈತಿ. ಮೊದಲ್ನೇ ವಾರದಾಗ ಒಂದು ಕೊಂಡಿ ತಗೀಬೇಕಾತು, ಆವಾಗ ಮೋಸ ಹೋದ್ನೇನೋ ಅನಿಸಿ ಬಾಳ ಬ್ಯಾಸರ ಆಗಿತ್ತು, ಆದ್ರ ಅದು ಅದರ ಸ್ವಭಾವ, ಶುರುವಿನ ಒಂದಿನದ ಓಟದಾಗ ಕುಂದರ್ತೈತಿ. ಆಮ್ಯಾಲ ಇನ್ನೊಂದು ತಗದಿದ್ದು 2024ರ ಆಗಸ್ಟ್‌ನಾಗ, ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ವಾರ, ಎಡದಂಡಿ ಕಾಲುವಿಗೆ ನೀರು ನಿಲ್ತೈತೇನೋ ಅಂತ ಊರೆಲ್ಲ ಜೀವ ಕೈಯಾಗ ಹಿಡ್ಕೊಂಡಿತ್ತು, ಅದಕ್ಕ ನೆನಪೈತಿ. ಅಲ್ಲಿಂದ ಇಲ್ಲೀತನ ಮುಟ್ಟಿಲ್ಲ. ಸದ್ದು ರಬ್ಬರ್ ಬೆಲ್ಟಿಗಿಂತ ಜಾಸ್ತಿ, ಗುಂಯ್ ಅಂತ ಬರ್ತೈತಿ, ರಿವರ್ಸಿನಾಗ ಇನ್ನೂ ಜಾಸ್ತಿ. ಮೂರು ವರ್ಷದಾಗ ಎರಡು ಕೊಂಡಿ ನಾಲಿಗಿ ಮುರಿದ್ವು, ಒಂದು ಬಿಸಿ ಚಿಪ್ಸ್ ಸುತ್ತಿ, ಇನ್ನೊಂದು ತಾನಾಗೇ. ಹತ್ತು ನಿಮಿಷದಾಗ ಬ್ಯಾರೆ ಕೊಂಡಿ ಹಾಕ್ದೆ, ಲೇತ್ ಮತ್ತ ಚಾಲೂ. ಸ್ಪಿಂಡಲ್ ಮುಟ್ಟಲಿಲ್ಲ ನೋಡ್ರಿ, ಅದು ನನಗ ಎಷ್ಟು ಸಮಾಧಾನ ಅಂತ ಆ ಕೆಲಸ ಮಾಡಿದೋರಿಗೇ ಗೊತ್ತು.

ಮೋಟ್ರ್ ಕಡೀ ಬೆಲ್ಟ್ ಮಾತ್ರ ರಬ್ಬರಿಂದ ಇಟ್ಟೀನಿ. ಅದು ಎರಡು ನಿಮಿಷದಾಗ ಬದಲಿ ಆಗ್ತೈತಿ, ರೊಕ್ಕ ಸುರಿಯೋ ಅಗತ್ಯ ಇಲ್ಲ. ಅದರ ಬಿಗಿತ ಹೆಂಗ ನೋಡ್ತೀನಿ ಅಂದ್ರ ಎರಡು ಪುಲ್ಲಿ ನಡುವಿನ ಬೆಲ್ಟ್ 16 ಇಂಚು ಐತಿ, ನಡುವ ಹೆಬ್ಬೆರಳಿಲೆ ಒತ್ತಿದ್ರ ಕಾಲಿಂಚು ಇಳೀಬೇಕು, ಅದಕ್ಕಿಂತ ಬಿಗಿ ಮಾಡಿದ್ರ ಬೇರಿಂಗ್ ಅಳ್ತಾವ. ಅಂಗಡಿಗೆ ಹೋದಾಗ ಹಳೇ ಬೆಲ್ಟ್ ತೋರಿಸಿ ಅದರ ಉದ್ದ ಅಳಸಬ್ಯಾಡ್ರಿ, ಹಳೇದು ಹಿಗ್ಗಿರ್ತೈತಿ, ಬೆನ್ನ ಮ್ಯಾಲಿನ ನಂಬರ್ ಓದಿ ಹೇಳ್ರಿ. ಎ 42 ಅಂದ್ರ ಎ ಸೆಕ್ಷನ್ನು, ಒಳಗಿನ ಉದ್ದ 42 ಇಂಚು.

5ಕ್ಕ 4 ಕೊಡ್ತೀನಿ. ಒಂದು ಕಡದಿದ್ದು ಸದ್ದಿಗೆ. ನಿಮ್ಮ ಲೇತಿನ ಸ್ಪಿಂಡಲ್ ಪುಲ್ಲಿ ಬುಷ್ ಹೊರಗಿದ್ದು ಬೆಲ್ಟ್ ಸಲೀಸಾಗಿ ಹಾಕಾಕ ಬರ್ತಿದ್ರ ಇದನ್ನ ತಗೋಳ್ಳಬ್ಯಾಡ್ರಿ. ನಡುವಿದ್ರ ತಗೋರ್ರಿ, ಆರ್ಡರ್ ಮಾಡೂಮುಂದ ಬೆಲ್ಟಿನ ಬೆನ್ನಿನ ಅಗಲ ವರ್ನಿಯರಿಲೆ ಅಳೀರಿ, 13 ಮಿಮೀ ಬಂದ್ರ ಎ, 17 ಬಂದ್ರ ಬಿ, ಲೆಕ್ಕಕ್ಕಿಂತ ಒಂದು ಗೇಣು ಜಾಸ್ತಿ ತರಿಸ್ರಿ, ಉಳಿದ ಕೊಂಡಿ ಮುರಿದಾಗ ಬೇಕಾಗ್ತಾವ. ನನ್ನವು ಇನ್ನೂ ಐದು ಉಳದಾವ, ಹೆಡ್‌ಸ್ಟಾಕ್ ಪಕ್ಕ ಮೊಳಿಗೆ ದಾರ ಕಟ್ಟಿ ಜೋತು ಬಿಟ್ಟೀನಿ.