ಎಡಗೈ ಬೇಸ್‌ಬಾಲ್ ಪಿಚರ್‌ಗೆ ಮುಂಬೈ ಧೋಬಿ ತಲಾವ್‌ನ ಗ್ಲೌಸ್: ಕೊಳ್ಳಬಹುದಾ?

ಕೊಳ್ಳಬಹುದು. 3,200 ರೂಪಾಯಿಗೆ ಮೋಸವಿಲ್ಲ. ಆದರೆ ಡಬ್ಬದಿಂದ ತೆಗೆದ ಹಾಗೇ ಪಿಚರ್ ಕೈಗೆ ಕೊಡುವಂಥದ್ದಲ್ಲ, ಮೋಚಿ ಹತ್ತಿರ ಒಂದು ಸಣ್ಣ ಕೆಲಸ ಮಾಡಿಸಲೇಬೇಕು.

ನನ್ನ ಮಗ ಹತ್ತನೇ ಕ್ಲಾಸು. ಡೊಂಬಿವಲಿಯಲ್ಲಿ ಬೇಸ್‌ಬಾಲ್ ಆಡುತ್ತಾನೆ. ಪಿಚರ್ ಅವನು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ಧಾರವಾಡದಲ್ಲಿರುವ ನಮ್ಮಪ್ಪ ಫೋನ್ ಮಾಡಿದಾಗೆಲ್ಲ "ಅಂದ್ರ ಅದು ಕ್ರಿಕೆಟ್ ಏನವಾ?" ಅಂತ ಕೇಳುತ್ತಾರೆ. ಹೌದಪ್ಪಾ, ಹಂಗೇ ಅನ್ಕೋರಿ ಅಂತ ಹೇಳಿ ಸುಮ್ಮನಾಗುತ್ತೇನೆ. ಹುಡುಗ ಎಡಗೈಯಲ್ಲಿ ಎಸೆಯುತ್ತಾನೆ, ಹಾಗಾಗಿ ಗ್ಲೌಸ್ ಬಲಗೈಗೆ ಬೇಕು. ತಲೆನೋವು ಶುರುವಾಗುವುದೇ ಇಲ್ಲಿ. ಮೆಟ್ರೋ ಸಿನೆಮಾ ಸುತ್ತಮುತ್ತ ಸ್ಪೋರ್ಟ್ಸ್ ಅಂಗಡಿಗಳ ಸಾಲೇ ಇದೆ ಅಲ್ವಾ, ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು. ಆದರೆ ಎಲ್ಲ ಅಂಗಡಿಯಲ್ಲೂ ಕ್ರಿಕೆಟ್ಟೇ ರಾಜ. ಬೇಸ್‌ಬಾಲ್ ಕೇಳಿದರೆ ಒಂದೋ ಎರಡೋ ಗ್ಲೌಸ್ ತೋರಿಸುತ್ತಾರೆ, ಅದೂ ಬಲಗೈಯವರದ್ದು. ನಾನು ಕೊಂಡ ಅಂಗಡಿಯ ಕಾಕಾ ಮಾತ್ರ "ಬಲಗೈ ಚಾಚಪ್ಪಾ" ಅಂತ ಮಗನ ಅಂಗೈ ನೋಡಿ, ಅಂಗಡಿ ಕೆಲಸದ ಹುಡುಗನನ್ನು ಅಟ್ಟ ಹತ್ತಿಸಿ ಎರಡು ಗ್ಲೌಸ್ ಇಳಿಸಿಸಿದರು. ಒಂದು ಬೂದು ಬಣ್ಣ, ಒಂದು ಕಂದು.

ಬೂದು ಬಣ್ಣದ್ದು ನೋಡಲು ಚಂದ ಇತ್ತು. ಮಗ ಮುಟ್ಟಲೇ ಇಲ್ಲ. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ನಿಯಮದಲ್ಲಿ ಪಿಚರ್ ಗ್ಲೌಸ್ ಬಿಳಿ ಅಥವಾ ಬೂದು ಬಣ್ಣದ್ದಾಗಿರಬಾರದು. ಬಿಳಿ ಚೆಂಡು ಅದರ ಮುಂದೆ ಕಾಣದೆ ಹೋದರೆ ಬ್ಯಾಟರ್‌ಗೆ ಅನ್ಯಾಯ. ನಮ್ಮ ಮೈದಾನದಲ್ಲಿ ಯಾರೂ ಕೇಳುವುದಿಲ್ಲ ಅನ್ನುವುದು ಬೇರೆ ಮಾತು. ಕಂದು ಬಣ್ಣದ್ದೇ ತಗೊಂಡೆವು.

12 ಇಂಚಿನ ಗ್ಲೌಸ್, ದನದ ಚರ್ಮ, ಜಲಂಧರ್ ಮಾಲು. ರಾಲಿಂಗ್ಸ್, ವಿಲ್ಸನ್ ಕಂಪನಿಗಳ ಮೇಲ್ದರ್ಜೆಯವು 300 ಡಾಲರ್ ಆಸುಪಾಸು, ನಮಗದು ಆಗದ ಮಾತು. ಇದರ ಚರ್ಮ ಮೊದಲು ಹಲಗೆ ಥರ ಗಟ್ಟಿ ಇತ್ತು. ಒಳಗೆ ಚೆಂಡಿಟ್ಟು ನನ್ನ ಹಳೇ ಓಢಣಿಯಿಂದ ಬಿಗಿದು ರಾತ್ರಿ ಇಟ್ಟ ಮೇಲೆ, ದಿನವೂ ಆಡಿದ ಮೇಲೆ ಮೆತ್ತಗಾಯಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಜಾಲ ಪೂರ್ತಿ ಮುಚ್ಚಿದೆ, ಸಂದಿನಿಂದ ಬೆಳಕು ಬರುವುದಿಲ್ಲ. ಪಿಚರ್‌ಗೆ ಬೇಕಾದದ್ದೇ ಅದು. ಉಳಿದವರಿಗೆ ಗ್ಲೌಸ್ ಚೆಂಡು ಹಿಡಿಯಲು, ಪಿಚರ್‌ಗೆ ಅದಕ್ಕಿಂತ ಜಾಸ್ತಿ ಚೆಂಡು ಬಚ್ಚಿಡಲು. ಚೆಂಡಿನ ಮೇಲೆ 108 ಹೊಲಿಗೆ, ಜಪಮಾಲೆ ಲೆಕ್ಕವೇ. ಆ ಹೊಲಿಗೆ ಮೇಲೆ ಬೆರಳು ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಚೆಂಡು ನೇರ ಹೋಗುತ್ತದೋ ತಿರುಗುತ್ತದೋ ನಿಧಾನ ಆಗುತ್ತದೋ ನಿರ್ಧಾರ. ಬ್ಯಾಟರ್‌ಗೆ ಅದು ಮುಂಚೆ ಗೊತ್ತಾದರೆ ಕತೆ ಮುಗಿಯಿತು.

ಈ ಗ್ಲೌಸ್‌ನ ದೊಡ್ಡ ದೋಷ ಇರುವುದೂ ಅಲ್ಲೇ. ಹಿಂಬದಿಯಲ್ಲಿ ತೋರುಬೆರಳು ಹೊರಗಿಡಲು ಒಂದು ಸಂದು ಬಿಟ್ಟಿದ್ದಾರೆ. ಹಾಗೆ ಬೆರಳು ಹೊರಗಿಡುವುದು ಎಷ್ಟೋ ಆಟಗಾರರ ಅಭ್ಯಾಸ. ಆದರೆ ಆ ಬೆರಳಿಗೆ ಮುಚ್ಚಳ ಇಲ್ಲ. ಒಂದು ಸಂಜೆ ಕೋಚ್ ಸರ್ ಬ್ಯಾಟ್ ಹಿಡಿದು ಎದುರು ನಿಂತು, ಮಗ ಎಸೆಯುವ ಮುಂಚೆಯೇ "ಫಾಸ್ಟ್", "ಫಾಸ್ಟ್", "ಚೇಂಜ್‌ಅಪ್" ಅಂತ ಕೂಗತೊಡಗಿದರು. ಚೇಂಜ್‌ಅಪ್ ಅಂದರೆ ಫಾಸ್ಟ್‌ಬಾಲ್ ಥರ ಕಂಡು ನಿಧಾನಕ್ಕೆ ಬರುವ ಎಸೆತ. ಒಂದೂ ತಪ್ಪಲಿಲ್ಲ. ಮಗನ ಮುಖ ಸಪ್ಪೆ. ಗುಟ್ಟು ಏನೆಂದರೆ, ಚೇಂಜ್‌ಅಪ್‌ಗೆ ಚೆಂಡನ್ನು ಅಂಗೈ ಒಳಗೆ ಆಳಕ್ಕೆ ತುರುಕಬೇಕು. ಒಳಗೆ ಎಡಗೈ ತಡಕಾಡುವಾಗ ಗ್ಲೌಸ್ ಒಂಚೂರು ಅಗಲವಾಗುತ್ತದೆ, ಹೊರಗಿನ ಬೆರಳು ಮೇಲೇಳುತ್ತದೆ. ಫಾಸ್ಟ್‌ಬಾಲ್‌ಗೆ ಬೆರಳು ಅಲ್ಲಾಡುವುದಿಲ್ಲ.

ಇದು ಮಕ್ಕಳ ತಪ್ಪು ಮಾತ್ರ ಅಂದುಕೊಳ್ಳಬೇಡಿ. ಆಂಡಿ ಪೆಟಿಟ್ ಅಂತ ನ್ಯೂಯಾರ್ಕ್ ಯಾಂಕೀಸ್ ತಂಡದ ಎಡಗೈ ಪಿಚರ್, ವೃತ್ತಿಯಲ್ಲಿ 256 ಗೆಲುವು (ಬೇಸ್‌ಬಾಲ್‌ನಲ್ಲಿ ಗೆಲುವು, ಸೋಲು ಪಿಚರ್ ಹೆಸರಿಗೂ ಬರೆಯುತ್ತಾರೆ). 2001ರ ವರ್ಲ್ಡ್ ಸೀರೀಸ್‌ನ, ಅಂದರೆ ಮೇಜರ್ ಲೀಗ್ ಫೈನಲ್ ಸರಣಿಯ, ಆರನೇ ಪಂದ್ಯದಲ್ಲಿ ಅರಿಜೋನಾ ತಂಡ ಅವನನ್ನು ಚಚ್ಚಿ ಹಾಕಿ 15-2ರಿಂದ ಗೆದ್ದಿತು. ಅವನು ಕೈ ತರುವ ರೀತಿಯಿಂದಲೇ ಯಾವ ಎಸೆತ ಅಂತ ಗೊತ್ತಾಗುತ್ತಿತ್ತು ಎಂದು ಎದುರಾಳಿಗಳು ಆಮೇಲೆ ಬಾಯಿಬಿಟ್ಟರು. ಅಂಥವನಿಗೇ ಹೀಗಾದರೆ!

ಪರಿಹಾರ ಸುಲಭವಾಗೇ ಸಿಕ್ಕಿತು. ನಮ್ಮ ಸ್ಟೇಷನ್ ಹೊರಗೆ ಕೂರುವ ಮೋಚಿ ಹಳೇ ಬ್ಯಾಗಿನ ಚರ್ಮ ಕತ್ತರಿಸಿ, ಬೆರಳ ಮೇಲೆ ಬರುವ ಹಾಗೆ ಒಂದು ಪಟ್ಟಿ ಹೊಲಿದುಕೊಟ್ಟರು. 120 ರೂಪಾಯಿ. ಕಾರ್ಖಾನೆಯಲ್ಲೇ ಹಾಕಿಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತೋ. ಕಿರುಬೆರಳ ಕಡೆಯ ಚರ್ಮದ ದಾರವೂ ಬೇಗ ಸಡಿಲವಾಯಿತು. ಅದನ್ನು ಅಂಗಡಿಯ ಕಾಕಾ ದುಡ್ಡು ತೆಗೆದುಕೊಳ್ಳದೆ ಬಿಗಿದುಕೊಟ್ಟರು, ಅವರಿಗೆ ಪೂರ್ತಿ ಮಾರ್ಕ್ಸು.

ಒಂದು ಮಾತ್ರ ಇಷ್ಟವಾಗಲಿಲ್ಲ. ಗ್ಲೌಸ್ ಜೊತೆ "ಸ್ಪೀಡ್ ಬರುತ್ತೆ ಮ್ಯಾಡಂ" ಅಂತ ಭಾರದ ಚೆಂಡುಗಳ ಸೆಟ್ ದಾಟಿಸಲು ನೋಡಿದರು. ಬೇಡ ಅಂದೆ. ಬೆಳೆಯುವ ಮಕ್ಕಳ ಮೊಣಕೈ ಜೊತೆ ಆಟವಾಡುವ ಧೈರ್ಯ ನನಗಿಲ್ಲ. ಟಾಮಿ ಜಾನ್ ಅಂತ ಒಬ್ಬ ಪಿಚರ್, ಅವನೂ ಎಡಗೈಯವನೇ. 1974ರಲ್ಲಿ ಮೊಣಕೈ ತಂತು ಹರಿದಾಗ ಡಾ. ಫ್ರಾಂಕ್ ಜೋಬ್ ಅವನ ಬಲಗೈಯಿಂದ ಒಂದು ತಂತು ತೆಗೆದು ಎಡ ಮೊಣಕೈಗೆ ಕಟ್ಟಿದರು. 1975 ಪೂರ್ತಿ ಆಟವಿಲ್ಲ. 1976ರಲ್ಲಿ ಮರಳಿದವನು 1989ರವರೆಗೆ ಎಸೆದ. ಒಟ್ಟು 288 ಗೆಲುವಿನಲ್ಲಿ 164 ಬಂದಿದ್ದು ಆಪರೇಷನ್ ಆದ ಮೇಲೆ! ಆದರೆ ಎಲ್ಲರಿಗೂ ಆ ಅದೃಷ್ಟ ಇಲ್ಲ. ನಮ್ಮ ಉತ್ತರ ಪ್ರದೇಶದ ರಿಂಕು ಸಿಂಗ್, ಕ್ರಿಕೆಟ್ಟಿನವನಲ್ಲ, ಜಾವೆಲಿನ್ ಎಸೆಯುತ್ತಿದ್ದ ಹುಡುಗ. 2008ರಲ್ಲಿ ಬೇಸ್‌ಬಾಲ್ ಎಸೆಯುವ ಟಿವಿ ಸ್ಪರ್ಧೆ ಗೆದ್ದು ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿದ. ಅವನೂ ಎಡಗೈ. ಕೆಳಹಂತದ ಲೀಗ್‌ಗಳಲ್ಲಿ ಆಡುತ್ತಿದ್ದಾಗ ಅದೇ ಮೊಣಕೈ ಆಪರೇಷನ್ ಆಯಿತು, ಮೇಜರ್ ಲೀಗ್ ಮುಟ್ಟಲಾಗಲಿಲ್ಲ, ಕೊನೆಗೆ ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಹೋದ. 15-16 ವಯಸ್ಸಿಗೆ ದಿನಕ್ಕೆ 95 ಎಸೆತ ದಾಟಬಾರದು, 76 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ ಅಂತ ಅಮೆರಿಕದವರೇ ಮಾರ್ಗಸೂಚಿ ಮಾಡಿದ್ದಾರೆ. ಭಾರದ ಚೆಂಡಿನ ದುಡ್ಡಿನಲ್ಲಿ ಒಂದು ನೋಟ್‌ಬುಕ್ ತಂದು ಎಸೆತ ಬರೆದಿಡಿ.

ನನ್ನ ಮಗನ ದೇವರು ಮಾತ್ರ ಅಮೆರಿಕದ ಪಿಚರ್ ಜಿಮ್ ಅಬಟ್. ಹುಟ್ಟಿನಿಂದ ಬಲ ಹಸ್ತವಿಲ್ಲ. ಗ್ಲೌಸನ್ನು ಬಲ ಮುಂಗೈ ತುದಿಗೆ ಒರಗಿಸಿಕೊಂಡು ಎಡಗೈಯಲ್ಲಿ ಎಸೆಯುತ್ತಿದ್ದ, ಎಸೆದ ತಕ್ಷಣ ಅದೇ ಎಡಗೈಯನ್ನು ಗ್ಲೌಸ್ ಒಳಗೆ ನುಗ್ಗಿಸುತ್ತಿದ್ದ. ಚೆಂಡು ಬಂದರೆ ಹಿಡಿದು, ಗ್ಲೌಸ್ ಕಂಕುಳಿಗೆ ಸಿಕ್ಕಿಸಿ, ಚೆಂಡು ಹೊರತೆಗೆದು ಮತ್ತೆ ಎಸೆತ. 1993ರ ಸೆಪ್ಟೆಂಬರ್ 4ರಂದು ಕ್ಲೀವ್‌ಲ್ಯಾಂಡ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಕೊಡಲಿಲ್ಲ. ಒಟ್ಟು ಲೆಕ್ಕ 87 ಗೆಲುವು, 108 ಸೋಲು. ಸೋಲೇ ಜಾಸ್ತಿ ಅಂತ ನಾನು ಚುಡಾಯಿಸಿದರೆ ಮಗ ಆ ದಿನ ಚಪಾತಿ ಕಡಿಮೆ ತಿನ್ನುತ್ತಾನೆ.

ಮುಂಬೈಯಲ್ಲಿ ಕೊಳ್ಳುವವರಿಗೆ ಇನ್ನೊಂದು ವಿಷಯ: ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ. ಜುಲೈನಲ್ಲಿ ನಮ್ಮ ಗ್ಲೌಸ್ ಒಳಗೆ ಹಸಿರು ಬಂದೇ ಬಿಟ್ಟಿತ್ತು. ಒದ್ದೆಯಾದರೆ ಫ್ಯಾನ್ ಕೆಳಗೆ ಒಣಗಿಸಿ, ಬಿಸಿಲಿಗೋ ಗ್ಯಾಸ್ ಒಲೆ ಪಕ್ಕಕ್ಕೋ ಇಡಬೇಡಿ, ಚರ್ಮ ಸೀಳುತ್ತದೆ. ಅಜ್ಜಿಯಂದಿರು ಕೊಬ್ಬರಿ ಎಣ್ಣೆ ಹಚ್ಚು ಅನ್ನುತ್ತಾರೆ. ಜಾಸ್ತಿ ಎಣ್ಣೆ ಕುಡಿದರೆ ಗ್ಲೌಸ್ ಭಾರವಾಗುತ್ತದೆ.

ಎಡಗೈ ಮಕ್ಕಳಿಗೆ ಬೇಕಿದ್ದರೆ ಅಂಗಡಿಗೆ ಮೊದಲೇ ಹೇಳಿ ಬನ್ನಿ, ತರಿಸಿಕೊಡುತ್ತಾರೆ. ಮಗುವನ್ನು ಕರೆದುಕೊಂಡೇ ಹೋಗಿ, ಚೆಂಡೂ ಒಯ್ಯಿರಿ. ಚೇಂಜ್‌ಅಪ್ ಹಿಡಿಯಲು ಹೇಳಿ ನೀವು ಎದುರು ನಿಂತು ಹೊರಗಿಟ್ಟ ಆ ತೋರುಬೆರಳನ್ನೇ ನೋಡಿ. ಚೌಕಾಸಿ ಮಾಡಿದರೆ ಮುನ್ನೂರು ರೂಪಾಯಿವರೆಗೆ ಇಳಿಸುತ್ತಾರೆ. ನಾನು ಕೊಟ್ಟ 3,200 ಇಳಿಸಿದ ಮೇಲಿನ ರೇಟು.