ಜರ್ಮನ್ ತರಗತಿಗೆ ಶ್ಟೇಡಲ್ ಡಿಜಿಟಲ್ ಸಂಗ್ರಹ

ಫ್ರಾಂಕ್‌ಫರ್ಟಿನ ಶ್ಟೇಡಲ್ ಮ್ಯೂಸಿಯಂನ ಡಿಜಿಟಲ್ ಸಂಗ್ರಹ ಉಚಿತ. ಹಕ್ಕುಸ್ವಾಮ್ಯ ಮುಗಿದ ಚಿತ್ರಗಳನ್ನು ಇಳಿಸಿಕೊಳ್ಳಲೂಬಹುದು. ಪಾಠಕ್ಕೆ ಮೊದಲ ಆಯ್ಕೆ, ಚಿತ್ರಕಾರ ಟಿಶ್‌ಬೈನ್ 1787ರಲ್ಲಿ ಬಿಡಿಸಿದ, ರೋಮಿನ ಬಯಲಲ್ಲಿ ಒರಗಿ ಕೂತ ಜರ್ಮನ್ ಕವಿ ಗಯಟೆಯ ಚಿತ್ರ.

ಎ2 ಮಟ್ಟದವರಿಗೆ (ಆರಂಭಿಕ ಹಂತದ ಎರಡನೇ ಮೆಟ್ಟಿಲು) ಶೀರ್ಷಿಕೆ ಮುಚ್ಚಿ ತೋರಿಸಿ. ಮೊದಲ 5 ನಿಮಿಷ ಬರೀ ನಾಮಪದಗಳು, ಲಿಂಗ ತೋರಿಸುವ ಡೇರ್-ಡೀ-ಡಾಸ್ ಸಮೇತ. ಆಮೇಲೆ ಯಾವುದು ಎಲ್ಲಿದೆ ಎಂದು ಹೇಳಿಸಿ. ಎಡವುವುದು ಇಲ್ಲೇ: ಕೂತಿರುವ ಜಾಗಕ್ಕೆ ಡಾಟಿವ್ ವಿಭಕ್ತಿ ಬೇಕು ('ಔಫ್ ಡೆಮ್ ಶ್ಟೈನ್', ಕಲ್ಲಿನ ಮೇಲೆ), ಆದರೆ ವಿದ್ಯಾರ್ಥಿಗಳು ಚಲನೆಗೆ ಬಳಸುವ ಅಕ್ಯುಸಾಟಿವ್ ವಿಭಕ್ತಿಯಲ್ಲಿ 'ಔಫ್ ಡೆನ್ ಶ್ಟೈನ್' ಎನ್ನುತ್ತಾರೆ. ಚಿತ್ರದಲ್ಲಿ ಚಲನೆಯಿಲ್ಲ, ಹಾಗಾಗಿ 'ಔಫ್ ಡೆಮ್ ಶ್ಟೈನ್' ಬೇಗ ರೂಢಿಯಾಗುತ್ತದೆ. ಅಕ್ಯುಸಾಟಿವ್‌ಗೆ ಬೇರೆ ಅಭ್ಯಾಸ ಬೇಕು. (ಚಿತ್ರದ ಗಯಟೆಯ ಎರಡೂ ಪಾದ ಎಡಗಾಲಿನವೇ! ತರಗತಿ ತಾನೇ ಕಂಡುಹಿಡಿಯಲಿ.)

ಸಾಹಿತ್ಯ ಓದುವವರಿಗೆ ನಿಜವಾದ ಸಿರಿ ಚಿತ್ರದಲ್ಲಿ ಗಯಟೆಯ ಹಿಂದಿರುವ ಉಬ್ಬುಕೆತ್ತನೆ: ಗ್ರೀಕ್ ಪುರಾಣದ ಇಫಿಗೇನಿಯಾ ತಮ್ಮನನ್ನು ಗುರುತಿಸುವ ದೃಶ್ಯ. ಗಯಟೆ ತನ್ನ ಇಫಿಗೇನಿ ನಾಟಕವನ್ನು ಗದ್ಯದಿಂದ ಪದ್ಯಕ್ಕೆ ತಂದು ಮುಗಿಸಿದ್ದು ಈ ಚಿತ್ರ ಹುಟ್ಟಿದ ಇಟಲಿ ಪ್ರವಾಸದಲ್ಲೇ. ಮೂರನೇ ಅಂಕದ ಆರಂಭವನ್ನು ಜೊತೆಗೆ ಓದಿಸಿ. ಸಣ್ಣ ಫೈಲನ್ನು ಪ್ರೊಜೆಕ್ಟರಿಗೆ ಹಾಕಿದರೆ ಕೆತ್ತನೆ ಕಲಸಿಹೋಗುತ್ತದೆ. ದೊಡ್ಡದನ್ನೇ ಇಳಿಸಿ, ಆ ಭಾಗ ಕತ್ತರಿಸಿ ಬೇರೆ ಸ್ಲೈಡ್ ಮಾಡಿ.

ಸಂಗ್ರಹದಲ್ಲಿ ಚಿತ್ರದ ಜೊತೆಗಿನ ವಿವರಣೆ ಕಲಾ ಇತಿಹಾಸದ ಬಿಗಿ ಜರ್ಮನ್. ಬಿ1 (ಎ2ರ ಮುಂದಿನ ಮಟ್ಟ) ವರೆಗೆ ಅದನ್ನು ನಾಲ್ಕು ಸರಳ ವಾಕ್ಯಕ್ಕೆ ಇಳಿಸದೆ ಕೊಡಬೇಡಿ.